ಕೈಗುಣ ಯಾರದು? ಕಾರ್ ಡೀಟೇಲಿಂಗ್ ಅಂಗಡಿ ಕೊಳ್ಳುವ ಮುಂಚೆ ಒಂದು ಹೋಲಿಕೆ

14 ವರ್ಷ ಒಂದು ಕಂಪನಿಯ ಲೆಕ್ಕಪತ್ರ ನೋಡಿಕೊಂಡಿದ್ದವನು ನಾನು. ಬೆನ್ನು ಕುರ್ಚಿಗೆ ಅಂಟಿಕೊಂಡಿದೆ ಅನ್ನಿಸಿದಾಗ ಕೆಲಸ ಬಿಟ್ಟು ಕಾರ್ ಡೀಟೇಲಿಂಗ್‌ಗೆ, ಅಂದರೆ ಕಾರನ್ನು ಒಳಗೂ ಹೊರಗೂ ತೊಳೆದು, ಪಾಲಿಶ್ ಮಾಡಿ ಹೊಳಪು ಕೊಡುವ ಕಸುಬಿಗೆ ಇಳಿದೆ. "ಕಾರು ತೊಳೆಯೋದಕ್ಕೆ ಇಷ್ಟು ಓದಬೇಕಿತ್ತಾ?" ಅಂತ ಕೇಳಿದವರಿದ್ದಾರೆ. ಅವರಿಗೆ ಉತ್ತರ ಕೊಡುವುದನ್ನು ಬಿಟ್ಟು ಬಹಳ ದಿನ ಆಯಿತು. ಆದರೆ ನನ್ನ ಹಾಗೆ ಬೇರೆ ಕೆಲಸದಿಂದ ಬಂದು, "ನಡೆಯುತ್ತಿರುವ ಅಂಗಡಿ ಮಾರಾಟಕ್ಕಿದೆ, ತಗೊಳ್ಳಲಾ, ಇಲ್ಲ ಸ್ವಂತದ್ದು ಶುರು ಮಾಡಲಾ?" ಅಂತ ಕೇಳುವವರಿಗೆ ಮಾತ್ರ ಸುಮ್ಮನೆ ತಲೆಯಾಡಿಸಿ ಕಳಿಸಲು ಮನಸ್ಸಾಗುವುದಿಲ್ಲ.

ದಾರಿ ಐದು ಇವೆ. ಹುಡುಗರು ಕೆಲಸ ಮಾಡುವ ಅಂಗಡಿ ಕೊಳ್ಳುವುದು. ಮಾಲೀಕರೇ ಎಲ್ಲಾ ಮಾಡುವ ಅಂಗಡಿ ಕೊಳ್ಳುವುದು. ಸೊನ್ನೆಯಿಂದ ಶುರು ಮಾಡುವುದು. ವ್ಯಾನ್ ಇಟ್ಟುಕೊಂಡು ಗಿರಾಕಿಯ ಮನೆಗೇ ಹೋಗುವುದು. ದೊಡ್ಡ ಹೆಸರಿನ ಫ್ರಾಂಚೈಸಿ ಹಿಡಿಯುವುದು. ಇವನ್ನು ಬಂಡವಾಳದ ಲೆಕ್ಕದಲ್ಲಿ ಹೋಲಿಸುವವರೇ ಜಾಸ್ತಿ. ನಾನು ಮೊದಲು ನೋಡುವುದು ಬೇರೆ: ಗಿರಾಕಿ ಯಾರ ಕೈ ನಂಬಿ ಕಾರಿನ ಕೀ ಕೊಡುತ್ತಿದ್ದಾನೆ? ಆ ಕೈ ನಿಮ್ಮ ಜೊತೆ ಬರುತ್ತದಾ?

ಕೈ ಯಾಕೆ ಅಷ್ಟು ಮುಖ್ಯ

ಕಾರ್ಖಾನೆಯಿಂದ ಬರುವ ಕಾರಿನ ಬಣ್ಣ ಎಲ್ಲಾ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ. ಹೆಚ್ಚು ಕಡಿಮೆ ಒಂದು ಕಾಗದದ ಹಾಳೆಯ ದಪ್ಪ. ಅದರಲ್ಲಿ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, 40–50 ಮೈಕ್ರಾನ್ ಅಷ್ಟೇ. ಪಾಲಿಶ್ ಮಾಡಿ ಗೀರು ತೆಗೆಯುವುದು ಅಂದರೆ ಗೀರಿನ ಸುತ್ತಲಿನ ಕ್ಲಿಯರ್ ಕೋಟನ್ನು ಕೆಲವು ಮೈಕ್ರಾನ್ ಸವೆಸಿ ಸಮ ಮಾಡುವುದು. ಒಮ್ಮೆ ಸವೆದದ್ದು ಮತ್ತೆ ಬರುವುದಿಲ್ಲ. ಒಂದೇ ಸಮನೆ ಗಿರ್ರನೆ ತಿರುಗುವ ರೋಟರಿ ಪಾಲಿಶ್ ಮೆಷಿನ್ ಬಾನೆಟ್ ಅಂಚಿನಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಂತರೆ ಬಣ್ಣ ಕಾದು ತಳ ಕಾಣಿಸಿಕೊಳ್ಳುತ್ತದೆ. ಆಮೇಲೆ ಆ ಕಾರು ಪೇಂಟ್ ಶೆಡ್‌ಗೇ ಹೋಗಬೇಕು, ಖರ್ಚು ನಿಮ್ಮದು.

ಡ್ಯುಯಲ್ ಆ್ಯಕ್ಷನ್ ಮೆಷಿನ್‌ನಲ್ಲಿ ಈ ಅಪಾಯ ಕಡಿಮೆ. ಅದರ ಪ್ಯಾಡ್ ತಿರುಗುತ್ತಾ ಅಲುಗಾಡುವುದರಿಂದ ಶಾಖ ಒಂದೇ ಕಡೆ ಸೇರುವುದಿಲ್ಲ. ಹೊಸಬರು ಕಲಿಯಬೇಕಾದ್ದು ಅದರಲ್ಲೇ. ಆದರೂ ಯಾವ ಪ್ಯಾಡ್‌ಗೆ ಯಾವ ಕಾಂಪೌಂಡ್ (ಉಜ್ಜುವ ಪೇಸ್ಟ್), ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಕೈಗೆ ಹತ್ತುವುದಕ್ಕೆ ತಿಂಗಳುಗಳು ಬೇಕು. ನಾನು ಗುಜರಿಯಿಂದ ತಂದ ಒಂದು ಬಾನೆಟ್ ಮೇಲೆ ಅಭ್ಯಾಸ ಮಾಡಿದೆ. ಅದರಲ್ಲಿ ಮೂರು ಕಡೆ ತಳ ಕಾಣುತ್ತದೆ. ಇಟ್ಟುಕೊಂಡಿದ್ದೇನೆ, ಹೊಸ ಹುಡುಗರು ಬಂದಾಗ ಮೊದಲು ಅದನ್ನೇ ತೋರಿಸುವುದು.

ಹುಡುಗರಿರುವ ಅಂಗಡಿ, ಮಾಲೀಕರೇ ಅಂಗಡಿ

ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಬೋರ್ಡ್ ಇದೆ, ಎರಡು ಕಾರು ನಿಂತಿವೆ, ಫೋನ್ ಬಡಿದುಕೊಳ್ಳುತ್ತಿದೆ. ಒಳಗೆ ಅಜಗಜಾಂತರ.

ಮಾಲೀಕರೊಬ್ಬರೇ ದುಡಿಯುವ ಅಂಗಡಿಯಲ್ಲಿ ಗಿರಾಕಿ ಬರುವುದು ಅವರನ್ನು ನೋಡಿಕೊಂಡು. ಅವರು ಹೋದ ಮಾರನೇ ದಿನ ನೀವು ನಿಂತಿರುತ್ತೀರಿ. ಅದೇ ಮೆಷಿನ್, ಅದೇ ಶಾಂಪೂ, ಅದೇ ಫೋನ್ ನಂಬರ್. ಆದರೆ ಕೈ ಬೇರೆ. ಇಂಥ ಅಂಗಡಿಗೆ ಹೆಸರಿನ ಬೆಲೆ ಅಂತ ದೊಡ್ಡ ಮೊತ್ತ ಕೇಳುತ್ತಾರೆ. ಆ ಹೆಸರು ಅವರ ಜೊತೆಗೇ ಮನೆಗೆ ಹೋಗುವಂಥದ್ದು, ಅದಕ್ಕೆ ಮುಂಗಡವಾಗಿ ಪೂರ್ತಿ ದುಡ್ಡು ಕೊಡುವುದು ಕನ್ನಡಿಯೊಳಗಿನ ಗಂಟಿಗೆ ದುಡ್ಡು ಕೊಟ್ಟ ಹಾಗೆ. ಹಾಗಂತ ಇಂಥದ್ದನ್ನು ಮುಟ್ಟಲೇಬೇಡಿ ಅನ್ನುತ್ತಿಲ್ಲ. ಮಾಲೀಕರು ಆರು ತಿಂಗಳು ಜೊತೆಗಿದ್ದು ಕಲಿಸುತ್ತಾರೆ, ಗಿರಾಕಿಗಳಿಗೆ ತಾವೇ ಪರಿಚಯ ಮಾಡಿಸುತ್ತಾರೆ, ದುಡ್ಡಿನ ಒಂದು ಭಾಗ ಗಿರಾಕಿಗಳು ಉಳಿದ ಮೇಲೆ ತೆಗೆದುಕೊಳ್ಳುತ್ತಾರೆ ಅಂದರೆ ಇದು ಒಳ್ಳೆಯ ಪಾಠಶಾಲೆ. ಹತ್ತಿರದಲ್ಲೇ ಇನ್ನೊಂದು ಅಂಗಡಿ ತೆರೆಯುವುದಿಲ್ಲ ಅನ್ನುವ ಮಾತನ್ನೂ ಬರಹದಲ್ಲಿ ಹಾಕಿಸಿ. ಕಾನೂನು ಅದನ್ನು ಎಷ್ಟರ ಮಟ್ಟಿಗೆ ಒಪ್ಪುತ್ತದೆ ಅನ್ನುವುದು ಒಂದೊಂದು ಕಡೆ ಒಂದೊಂದು ಥರ. ವಕೀಲರನ್ನು ಕೇಳದೆ ಆ ಕಾಗದ ನಂಬಬೇಡಿ.

ಹುಡುಗರಿರುವ ಅಂಗಡಿಯಲ್ಲಿ ಕೈಗುಣ ಅವರಲ್ಲಿದೆ. ನಿಮಗೆ ಪಾಲಿಶ್ ಬರದಿದ್ದರೂ ಮೊದಲ ತಿಂಗಳು ಬಾಡಿಗೆ ಕಟ್ಟಬಹುದು. ಅಪಾಯ ಬೇರೆ ಕಡೆ ಇದೆ. ಇಂಥ ಕಡೆ ಸಾಮಾನ್ಯವಾಗಿ ಒಬ್ಬ ಹಿರಿಯ ಕೆಲಸಗಾರ ಇರುತ್ತಾನೆ. ಕಷ್ಟದ ಕಾರೆಲ್ಲಾ ಅವನ ಕೈಗೇ ಹೋಗುವುದು. ಅವನು "ಹೊಸ ಮಾಲೀಕನಿಗೆ ಏನೂ ಗೊತ್ತಿಲ್ಲ" ಅಂತ ಎದ್ದು ಹೋದರೆ ನೀವು ಕೊಂಡದ್ದರಲ್ಲಿ ಅರ್ಧ ಹೋಯಿತು. ಆದ್ದರಿಂದ ಸಹಿ ಹಾಕುವ ಮುಂಚೆ, ಮಾಲೀಕರ ಒಪ್ಪಿಗೆ ಪಡೆದು, ಅವನ ಜೊತೆ ಕೂತು ಮಾತಾಡಿ. ಸಂಬಳ ಎಷ್ಟು, ಬಾಕಿ ಏನಾದರೂ ಇದೆಯಾ, ರಜೆ ಕೇಳಿದರೆ ಕೊಡುತ್ತಿದ್ದರಾ. ಮಾಲೀಕರು "ಅವನನ್ನು ಮಾತಾಡಿಸೋದು ಬೇಡ, ಸುಮ್ನೆ ತಲೆ ಕೆಡಿಸಿಕೊಳ್ತಾನೆ" ಅಂದರೆ ನಾನಂತೂ ಎರಡು ಸಲ ಯೋಚಿಸುತ್ತೇನೆ.

ನನ್ನ ಒಲವು ಹುಡುಗರಿರುವ ಅಂಗಡಿಯ ಕಡೆಗೇ. ಕಚೇರಿಯಿಂದ ಬಂದವರಿಗೆ ಲೆಕ್ಕ, ಅಪಾಯಿಂಟ್‌ಮೆಂಟ್, ಗಿರಾಕಿಗೆ ಉತ್ತರ, ಇವೆಲ್ಲಾ ಮೊದಲೇ ಬರುತ್ತವೆ. ಕೈ ಕೆಲಸ ನಿಧಾನಕ್ಕೆ ಕಲಿಯಬಹುದು. ಆದರೆ ಕಲಿಯಲೇಬೇಕು. ಕೆಲಸ ಬಾರದ ಮಾಲೀಕನಿಗೆ ಒಂದು ಕಾರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತಲೇ ಗೊತ್ತಾಗುವುದಿಲ್ಲ.

ಸೊನ್ನೆಯಿಂದ, ವ್ಯಾನ್‌ನಲ್ಲಿ, ಫ್ರಾಂಚೈಸಿಯಲ್ಲಿ

ಸೊನ್ನೆಯಿಂದ ಶುರು ಮಾಡುವುದರಲ್ಲಿ ಒಂದು ದೊಡ್ಡ ಸುಖ ಇದೆ: ಹಿಂದಿನವರ ಪಾಪ ನಿಮ್ಮ ತಲೆಗೆ ಬರುವುದಿಲ್ಲ. ಕಷ್ಟ ಏನು ಅಂದರೆ ಬಾಡಿಗೆ ಮೊದಲ ದಿನವೇ ಶುರು, ಗಿರಾಕಿ ಮಾತ್ರ ನಿಧಾನ. ಮನೆ ಖರ್ಚಿಗೆ ಒಂದು ವರ್ಷದ ದುಡ್ಡು ಬೇರೆ ಎತ್ತಿಡಲು ಆಗದವರು ಈ ದಾರಿಗೆ ಅವಸರ ಮಾಡಬಾರದು.

ವ್ಯಾನ್ ದಾರಿ ನನಗೆ ಇಷ್ಟ. ಬಾಡಿಗೆಯ ತಲೆನೋವಿಲ್ಲ. ರಿನ್ಸ್‌ಲೆಸ್ ವಾಶ್ ಅಂತ ಒಂದು ದ್ರಾವಣ ಬರುತ್ತದೆ, ಒಂದು ಬಕೆಟ್ ನೀರಿನಲ್ಲಿ ಕಾರು ಮುಗಿಯುತ್ತದೆ. ಕೆಸರು ಮೆತ್ತಿದ ಕಾರಿಗೆ ಅದು ಬೇಡ, ಗೀರು ಬೀಳುತ್ತದೆ. ಒಳಾಂಗಣ ಸ್ವಚ್ಛತೆ, ವಾಶ್, ಹಗುರವಾದ ಪಾಲಿಶ್‌ವರೆಗೂ ವ್ಯಾನ್‌ನಲ್ಲಿ ಆಗುತ್ತದೆ. ಆದರೆ ಸೆರಾಮಿಕ್ ಕೋಟಿಂಗ್‌ಗೆ (ಬಣ್ಣದ ಮೇಲೆ ಹಚ್ಚಿ ಗಟ್ಟಿಯಾಗಲು ಬಿಡುವ ರಕ್ಷಣೆಯ ದ್ರಾವಣ) ಧೂಳಿಲ್ಲದ ಜಾಗ, ಒಳ್ಳೆಯ ಬೆಳಕು ಬೇಕು. ಹಾಕಿದ ಮೇಲೆ ಸುಮಾರು 24 ಗಂಟೆ ನೀರು ತಾಗಬಾರದು, ಒಂದು ವಾರ ಶಾಂಪೂ ಹಾಕಿ ತೊಳೆಯಬಾರದು. ಗಿರಾಕಿಯ ಅಂಗಳದಲ್ಲಿ ಗಾಳಿ ಬೀಸಿದರೆ ಕೆಲಸ ಮಣ್ಣುಪಾಲು. ದುಬಾರಿ ಕೆಲಸ ಕೈತಪ್ಪುವುದು ಇಲ್ಲೇ. ಜೊತೆಗೆ ಮಳೆ ಬಂದ ದಿನ ಅಂಗಡಿಯವನಿಗೆ ಕೆಲಸ ಕಡಿಮೆ, ವ್ಯಾನ್‌ನವನಿಗೆ ರಜೆ.

ಫ್ರಾಂಚೈಸಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ತರಬೇತಿ, ಹೆಸರು, ಸಾಮಾನು ಒಂದೇ ಕಡೆ ಸಿಗುತ್ತದೆ. ಬದಲಿಗೆ ಪ್ರತಿ ತಿಂಗಳ ಆದಾಯದಲ್ಲಿ ಪಾಲು ಕೊಡಬೇಕು, ಹಲವು ಕಡೆ ಅವರು ಹೇಳಿದ ಕೆಮಿಕಲ್ಲನ್ನೇ ಅವರ ದರಕ್ಕೇ ಕೊಳ್ಳಬೇಕು. ಯಾರಾದರೂ ಹೇಳಿದಂತೆ ಮಾಡಿದರೆ ನೆಮ್ಮದಿ ಅನ್ನುವ ಸ್ವಭಾವ ನಿಮ್ಮದಾದರೆ ಸರಿ. ಕಂಪನಿ ಕೆಲಸ ಬಿಟ್ಟು ಬಂದದ್ದೇ ಅದು ಬೇಡ ಅಂತ ಅಲ್ವಾ?

ಮೇಲೆ ಥಳುಕು, ಒಳಗೆ ಹುಳುಕು

ನಾನು ಒಂದು ಅಂಗಡಿ ನೋಡಲು ಹೋದಾಗ ಬೇಯಲ್ಲಿ, ಅಂದರೆ ಒಂದು ಕಾರು ನಿಲ್ಲಿಸಿ ಕೆಲಸ ಮಾಡುವ ಜಾಗದಲ್ಲಿ, ಒಂದು ಕಪ್ಪು ಕಾರು ನಿಂತಿತ್ತು. ಆಗಷ್ಟೇ ಪಾಲಿಶ್ ಮುಗಿದಿದೆ ಅಂದರು. ಮುಖ ನೋಡಿಕೊಂಡು ಮೀಸೆ ತಿರುವಬಹುದು, ಅಷ್ಟು ಹೊಳಪು. ಜೊತೆಗೆ ಬಂದಿದ್ದ ಗೆಳೆಯ ಈ ಕಸುಬಿನವನು. ಮಾಲೀಕರನ್ನು ಕೇಳಿ, ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿದ ನೀರನ್ನು ಬಾಗಿಲ ಮೇಲೆ ಅಂಗೈ ಅಗಲಕ್ಕೆ ಚಿಮುಕಿಸಿ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿದ. ಟಾರ್ಚ್ ಹಿಡಿದ. ಒರೆಸಿದ ಜಾಗದಲ್ಲಿ ಜೇಡರ ಬಲೆಯ ಹಾಗೆ ಸುತ್ತು ಸುತ್ತು ಗೀರು! ಪಕ್ಕದಲ್ಲಿ ಒರೆಸದ ಜಾಗ ಇನ್ನೂ ಕನ್ನಡಿ. ಗೀರು ತೆಗೆದಿರಲಿಲ್ಲ, ಎಣ್ಣೆಯಂಶದ ಗ್ಲೇಜ್ ತುಂಬಿ ಮುಚ್ಚಿದ್ದರು. ನಾಲ್ಕು ವಾಶ್ ಆದರೆ ಎಲ್ಲಾ ಮತ್ತೆ ಕಾಣುತ್ತದೆ. ಮಾಲೀಕರು "ಇದು ಕಡಿಮೆ ಪ್ಯಾಕೇಜ್ ಸರ್" ಅಂದರು. ಇರಬಹುದು. ಗಿರಾಕಿಗೆ ಹಾಗೆ ಹೇಳಿ ಮಾಡಿದ್ದರೆ ತಪ್ಪೇನಿಲ್ಲ. ಬಿಲ್ ಪುಸ್ತಕ ನೋಡಿದೆ. "ಪೂರ್ತಿ ಗೀರು ನಿವಾರಣೆ" ಅಂತ ಬರೆದಿತ್ತು.

ಅದಾದ ಮೇಲೆ ಯಾವ ಅಂಗಡಿಗೆ ಹೋದರೂ ನಾನು ಮೊದಲು ನೋಡುವುದು ಬಟ್ಟೆ ಒಣಹಾಕಿದ ಜಾಗ. ಚಕ್ರ ಒರೆಸುವ ಬಟ್ಟೆ, ಬಣ್ಣ ಒರೆಸುವ ಬಟ್ಟೆ ಬೇರೆ ಬೇರೆ ಇದೆಯಾ? ಮುಟ್ಟಿದರೆ ಮೆತ್ತಗಿದೆಯಾ, ಒರಟಾಗಿದೆಯಾ? ಮೈಕ್ರೋಫೈಬರನ್ನು ಜಾಸ್ತಿ ಬಿಸಿಯಲ್ಲಿ ಒಣಗಿಸಿದರೆ ಎಳೆ ಕರಗಿ ಗಟ್ಟಿಯಾಗುತ್ತದೆ, ಆಮೇಲೆ ಅದೇ ಗೀರು ಹಾಕುತ್ತದೆ. ಬಕೆಟ್ ಎರಡಿದೆಯಾ, ಒಂದು ಶಾಂಪೂಗೆ, ಒಂದು ತೊಳೆಯಲು ಕೈಗೆ ಹಾಕುವ ಮಿಟ್ಟನ್ನು ಜಾಲಿಸುವುದಕ್ಕೆ? ಲೇಬಲ್ ಇಲ್ಲದ ಬಾಟಲಿಗಳು ಎಷ್ಟಿವೆ? ಕೆಲವು ಚಕ್ರ ತೊಳೆಯುವ ಕೆಮಿಕಲ್‌ಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ಚರ್ಮದೊಳಗೆ ಇಳಿದು ಮೂಳೆಯವರೆಗೂ ಹಾನಿ ಮಾಡುವಂಥದ್ದು. ಹುಡುಗರು ಅದನ್ನು ಬರಿಗೈಯಲ್ಲಿ ಹಿಡಿಯುತ್ತಿದ್ದರೆ ಆ ಅಂಗಡಿಯ ಉಳಿದ ಲೆಕ್ಕವೂ ಹೀಗೇ ಇರುತ್ತದೆ ಅಂತ ನನ್ನ ಅನುಮಾನ.

ಮೋರಿ ಕಡೆಗೂ ಒಂದು ಕಣ್ಣಿರಲಿ. ಎಣ್ಣೆ, ಕೆಸರು ಬೆರೆತ ನೀರು ಎಲ್ಲಿಗೆ ಹೋಗುತ್ತಿದೆ? ಎಣ್ಣೆ ಬೇರ್ಪಡಿಸುವ ಗುಂಡಿ ಇದೆಯಾ, ಅದಕ್ಕೆ ಪರವಾನಗಿ ಬೇಕಾ? ಇದನ್ನು ಸ್ಥಳೀಯ ಕಚೇರಿಯಲ್ಲಿ ನೀವೇ ಕೇಳಿ. ಮಾರುವವರ ಬಾಯಿಂದ ಕೇಳಿದರೆ ಎಲ್ಲಾ ಸರಿಯಾಗಿಯೇ ಇರುತ್ತದೆ.

ಲೆಕ್ಕದವನ ಕಣ್ಣು

ಇಲ್ಲಿ ನನ್ನ ಹಳೆಯ ಕೆಲಸ ಉಪಯೋಗಕ್ಕೆ ಬಂತು. ಮಾರುವವರು "ತಿಂಗಳಿಗೆ 20 ಕೋಟಿಂಗ್ ಮಾಡುತ್ತೇವೆ" ಅನ್ನುತ್ತಾರೆ ಅಂದುಕೊಳ್ಳಿ. ಬೇ ಎಷ್ಟಿವೆ ನೋಡಿ. ಪಾಲಿಶ್ ಸಮೇತ ಒಂದು ಕೋಟಿಂಗ್‌ಗೆ 3 ದಿನ, ತಿಂಗಳಿಗೆ 26 ಕೆಲಸದ ದಿನ ಅಂದರೆ ಒಂದು ಬೇಯಲ್ಲಿ 8 ಕಾರಿನ ಮೇಲೆ ಆಗುವುದಿಲ್ಲ. ಬೇ ಎರಡಿದ್ದರೆ 16. ಅದೂ ಬೇರೆ ಯಾವ ಕೆಲಸವನ್ನೂ ಮುಟ್ಟದೆ ಹೋದರೆ. ಹಾಗಾದರೆ 20 ಎಲ್ಲಿಂದ ಬಂತು? ಒಂದೋ ಪಾಲಿಶ್ ಮಾಡದೆ ಹಾಕುತ್ತಿದ್ದಾರೆ, ಇಲ್ಲ ಸುಳ್ಳು ಹೇಳುತ್ತಿದ್ದಾರೆ.

ಇನ್ನೊಂದು ದಾರಿ ಖರೀದಿ ಬಿಲ್. ಸಾಧಾರಣ ಅಳತೆಯ ಕಾರಿಗೆ ಕೋಟಿಂಗ್ ದ್ರಾವಣ ಸುಮಾರು 30ರಿಂದ 50 ಮಿಲಿಲೀಟರ್ ಹಿಡಿಯುತ್ತದೆ. ವರ್ಷದಲ್ಲಿ ಕೊಂಡ ಬಾಟಲಿ ಎಷ್ಟು, ಮಾಡಿದೆವು ಅನ್ನುವ ಕಾರು ಎಷ್ಟು, ಎರಡನ್ನೂ ಪಕ್ಕ ಪಕ್ಕ ಇಡಿ. ನೀರಿನ ಬಿಲ್, ಕರೆಂಟ್ ಬಿಲ್ ಕೂಡ ಇದೇ ಥರ ಮಾತಾಡುತ್ತವೆ. ಅಂದಹಾಗೆ, ಮುಚ್ಚಳ ತೆರೆದ ಕೋಟಿಂಗ್ ಬಾಟಲಿಗಳನ್ನು ದಾಸ್ತಾನು ಅಂತ ಲೆಕ್ಕ ಹಾಕಿ ಬೆಲೆ ಕೇಳಿದರೆ ಒಪ್ಪಬೇಡಿ. ಗಾಳಿಯ ತೇವ ಸೋಕಿದರೆ ಅದು ಬಾಟಲಿಯಲ್ಲೇ ಗಟ್ಟಿಯಾಗುತ್ತದೆ.

ಲಾಭದ ಅಂಕಿ ನೋಡುವಾಗ ಮಾಲೀಕರ ಕೂಲಿ ಕಳೆಯಿರಿ. ವಾರಕ್ಕೆ 60 ಗಂಟೆ ತಾವೇ ದುಡಿದು, ಸಂಬಳ ಬರೆದುಕೊಳ್ಳದೆ, ಉಳಿದದ್ದನ್ನೆಲ್ಲಾ ಲಾಭ ಅಂತ ತೋರಿಸುವವರು ಬಹಳ. ಅದು ಲಾಭ ಅಲ್ಲ, ಅವರ ಬೆವರು. ಅದೇ ಕೆಲಸಕ್ಕೆ ಆಳಿಟ್ಟರೆ ಏನು ಉಳಿಯುತ್ತದೆ ಅನ್ನುವುದರ ಮೇಲೆ ಬೆಲೆ ಕಟ್ಟಬೇಕು. ಇನ್ನೊಂದು: ಆದಾಯದಲ್ಲಿ ಅರ್ಧ ಒಂದೇ ಕಾರ್ ಶೋರೂಮಿನಿಂದ ಬರುತ್ತಿದ್ದರೆ ಹುಷಾರ್. ಶೋರೂಮ್ ಕೆಲಸ ದಿನಾ ಇರುತ್ತದೆ, ದರ ಕಡಿಮೆ, ದುಡ್ಡು ತಡ. ಅಲ್ಲಿನ ಮ್ಯಾನೇಜರ್ ಬದಲಾದರೆ ಅರ್ಧ ಅಂಗಡಿ ಖಾಲಿ.

ಹಿಂದಿನವರು ಕೊಟ್ಟ ಮಾತು

ಇದೊಂದರಲ್ಲಿ ನಾನು ಕೈ ಸುಟ್ಟುಕೊಂಡೆ. ಬ್ಯಾಂಕ್, ಬಾಡಿಗೆ ಕರಾರು, ತೆರಿಗೆ ಎಲ್ಲಾ ನೋಡಿದ್ದೆ. ಕೌಂಟರ್ ಕೆಳಗಿನ ಡ್ರಾಯರ್ ತೆಗೆದು ನೋಡಿರಲಿಲ್ಲ. ಅಂಗಡಿ ಕೈಗೆ ಬಂದ ಎರಡನೇ ವಾರ ಒಬ್ಬರು ಕಾರ್ಡ್ ಹಿಡಿದು ಬಂದರು. ಐದು ವರ್ಷದ ಕೋಟಿಂಗ್ ವಾರಂಟಿ, ವರ್ಷಕ್ಕೆ ಎರಡು ಉಚಿತ ಮೇಂಟೆನೆನ್ಸ್ ವಾಶ್. ಕೆಳಗೆ ಹಿಂದಿನ ಮಾಲೀಕರ ಸಹಿ, ಮೇಲೆ ನನ್ನ ಅಂಗಡಿಯ ಹೆಸರು. ಆಗ ಡ್ರಾಯರ್ ತೆಗೆದೆ. ಅಂಥ ಕಾರ್ಡಿನ, ಅಂಗಡಿಯಲ್ಲಿ ಉಳಿಸಿಕೊಂಡ ಅರ್ಧಗಳು ರಬ್ಬರ್ ಬ್ಯಾಂಡ್ ಹಾಕಿ ಮೂರು ಕಟ್ಟು ಇದ್ದವು. ಮುಂಗಡ ದುಡ್ಡು ಕೊಟ್ಟು ಹತ್ತು ವಾಶ್ ಕೊಂಡವರ ಪಟ್ಟಿ ಬೇರೆ. ದುಡ್ಡು ಹಿಂದಿನ ಮಾಲೀಕರು ತಿಂದಾಗಿತ್ತು, ತೊಳೆಯುವುದು ನನ್ನ ಪಾಲಿಗೆ ಉಳಿದಿತ್ತು.

"ಅದು ಹಳೆಯವರ ಮಾತು, ನನಗೆ ಸಂಬಂಧವಿಲ್ಲ" ಅನ್ನಬಹುದಿತ್ತು. ಕರಾರು ನನ್ನ ಪರವಾಗಿಯೇ ಇತ್ತು. ಆದರೆ ನಾನು ದುಡ್ಡು ಕೊಟ್ಟದ್ದೇ ಆ ಹೆಸರಿಗೆ. ಹೆಸರು ಬೇಕು, ಹೆಸರಿನ ಸಾಲ ಬೇಡ ಅಂದರೆ ಗಿರಾಕಿ ಕೇಳುತ್ತಾನಾ? ಒಂದೂವರೆ ವರ್ಷ ಉಚಿತವಾಗಿ ತೊಳೆದುಕೊಟ್ಟೆ. ನೀವು ಸಹಿಗೆ ಮುಂಚೆಯೇ ಬಾಕಿ ಇರುವ ವಾರಂಟಿ, ಮುಂಗಡ ಪ್ಯಾಕೇಜ್‌ಗಳ ಪಟ್ಟಿ ಬರೆಸಿ, ಅಷ್ಟು ಮೊತ್ತ ಬೆಲೆಯಲ್ಲಿ ಕಳೆಸಿ. ಪಟ್ಟಿಯಲ್ಲಿಲ್ಲದ್ದು ಬಂದರೆ ಕೊಡುವುದಕ್ಕೆ ಅಂತ ದುಡ್ಡಿನ ಒಂದು ಪಾಲು ವರ್ಷ ಹಿಡಿದಿಡಿ.

ಕೊಟ್ಟ ಮಾತಿನ ಬಣ್ಣವನ್ನೂ ನೋಡಿ. "9ಎಚ್ ಕೋಟಿಂಗ್, ಕಲ್ಲು ಬಿದ್ದರೂ ಗೀರಾಗಲ್ಲ" ಅಂತ ಹೇಳಿ ಮಾರಿದ್ದರೆ ಜಗಳ ನಿಮ್ಮ ಬಾಗಿಲಿಗೇ ಬರುತ್ತದೆ. 9ಎಚ್ ಅನ್ನುವುದು ಪೆನ್ಸಿಲ್ ಗಡಸುತನದ ಅಳತೆ, ಆ ಪೆನ್ಸಿಲ್‌ನಿಂದ ಗೀರಾಗುವುದಿಲ್ಲ ಅಂತ ಅಷ್ಟೇ ಅರ್ಥ. ಕೋಟಿಂಗ್ ನೀರು ಜಾರಿಸುತ್ತದೆ, ಕೊಳೆ ಅಂಟದಂತೆ ನೋಡಿಕೊಳ್ಳುತ್ತದೆ. ರಸ್ತೆಯಲ್ಲಿ ಸಿಡಿಯುವ ಕಲ್ಲು ತಡೆಯಲು 150–200 ಮೈಕ್ರಾನ್ ದಪ್ಪದ ಪಿಪಿಎಫ್ (ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಪ್ಲಾಸ್ಟಿಕ್) ಹಾಳೆಯೇ ಬೇಕು.

ಕಂಪನಿ ಪೂರ್ತಿಯೋ, ಸಾಮಾನು ಮತ್ತು ಹೆಸರು ಮಾತ್ರವೋ

ಕಂಪನಿಯನ್ನೇ ಕೊಂಡರೆ ಪರವಾನಗಿ, ಕರಾರು ಮುಂದುವರಿಯುವುದು ಸುಲಭ. ಹಳೆಯ ತೆರಿಗೆ ಬಾಕಿ, ಸಾಲ, ಕೇಸು ಕೂಡ ಹಿಂದೆಯೇ ಬರುತ್ತವೆ. ಮೆಷಿನ್, ಹೆಸರು, ಫೋನ್ ನಂಬರ್, ಗಿರಾಕಿಗಳ ಪಟ್ಟಿ ಮಾತ್ರ ಕೊಂಡರೆ ಹೊರೆ ಕಡಿಮೆ, ಕಾಗದದ ಓಡಾಟ ಜಾಸ್ತಿ. ಸಣ್ಣ ಅಂಗಡಿಗೆ ಎರಡನೆಯದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಯಾವುದಾದರೂ ಸರಿ, ಕಟ್ಟಡದ ಮಾಲೀಕರು ನಿಮ್ಮ ಹೆಸರಿಗೆ ಬಾಡಿಗೆ ಕರಾರು ಬರೆದುಕೊಡುವವರೆಗೆ ಒಂದು ಪೈಸೆಯನ್ನೂ ಬಿಚ್ಚಬೇಡಿ. ಗಿರಾಕಿಗೆ ಜಾಗದ ಅಭ್ಯಾಸವೂ ಇರುತ್ತದೆ. ಜಾಗ ಹೋದರೆ ಉಳಿಯುವುದು ಎರಡು ಪಾಲಿಶ್ ಮೆಷಿನ್, ಒಂದು ಪ್ರೆಶರ್ ವಾಶರ್.

ಯಾರಿಗೆ ಯಾವುದು

ಕೈಯಲ್ಲಿ ದುಡ್ಡು ಕಡಿಮೆ, ಬೆನ್ನು ಗಟ್ಟಿ, ಮನೆಯ ಜವಾಬ್ದಾರಿ ಹಗುರ ಅನ್ನುವವರಿಗೆ ವ್ಯಾನ್. ನಷ್ಟವಾದರೂ ವ್ಯಾನ್ ಮಾರಬಹುದು. ಕೈ ಕೆಲಸ ಈಗಾಗಲೇ ಬರುತ್ತದೆ, ನಾಲ್ಕು ಜನ ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ ಅಂದರೆ ಅಂಗಡಿ ಕೊಳ್ಳುವ ಗೋಜು ಯಾಕೆ? ಸ್ವಂತದ್ದು ಶುರು ಮಾಡಿ. ಕೈ ಕೆಲಸ ಬರಲ್ಲ, ಸಂಸಾರಕ್ಕೆ ತಿಂಗಳು ತಿಂಗಳು ದುಡ್ಡು ಬೇಕು, ಜನರನ್ನು ನೋಡಿಕೊಳ್ಳುವ ಅಭ್ಯಾಸ ಇದೆ ಅನ್ನುವವರು ಹುಡುಗರಿರುವ ಅಂಗಡಿ ನೋಡಿ. ಮಾಲೀಕರೇ ಅಂಗಡಿ ಆಗಿರುವ ಕಡೆ ಹೋಗುವುದಾದರೆ ಮೊದಲು ಅಲ್ಲೇ ಮೂರು ತಿಂಗಳು ಕೆಲಸಕ್ಕೆ ಸೇರಿ. ಸಂಬಳ ಎಷ್ಟೇ ಕೊಡಲಿ. ಎಂಟು ಗಂಟೆ ಬಗ್ಗಿ ಪಾಲಿಶ್ ಹಿಡಿದರೆ ಭುಜ ಏನು ಹೇಳುತ್ತದೆ ಅಂತ ಕುರ್ಚಿಯಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ನನಗೆ ನಾಲ್ಕನೇ ದಿನ ಅಂಗಿ ಹಾಕಿಕೊಳ್ಳಲು ಕೈ ಎತ್ತುವುದಕ್ಕಾಗಲಿಲ್ಲ.

ಕೊನೆಯ ಮಾತುಕತೆಗೆ ಮುಂಚೆ ಗಿರಾಕಿ ಜಾಸ್ತಿ ಬರುವ ದಿನ ನೋಡಿ ಬೆಳಗ್ಗೆಯಿಂದ ಸಂಜೆವರೆಗೆ ಅಂಗಡಿಯಲ್ಲಿ ಕೂರುವುದಕ್ಕೆ ಒಪ್ಪಿಸಿ. ಮಾಲೀಕರು ಅಂದು ಬರಬಾರದು. ಮೂಲೆಯಲ್ಲಿ ಒಂದು ಸ್ಟೂಲ್ ಹಾಕಿಕೊಂಡು, ಪುಸ್ತಕದಲ್ಲಿ ಎರಡು ಸಾಲು ಮಾಡಿ. ಹುಡುಗರ ಕೈಗೆ ಕೀ ಕೊಟ್ಟು ಹೋದವರು ಒಂದು ಸಾಲಿಗೆ, "ಸರ್ ಇಲ್ವಾ? ಹಾಗಾದ್ರೆ ನಾಳೆ ಬರ್ತೀನಿ" ಅಂದವರು ಇನ್ನೊಂದು ಸಾಲಿಗೆ. ಎರಡನೇ ಸಾಲು ಉದ್ದ ಆದರೆ ಮೆಷಿನ್‌ಗಳಿಗೆ ಎಷ್ಟೋ ಅಷ್ಟೇ ಹೇಳಿ ಎದ್ದು ಬನ್ನಿ.